ಡ್ಯೂಟಿ ಬಾಟಲಿ

ಬೆಳಿಗ್ಗೆ ಎಂಟಕ್ಕೆ ಬಾಟಲಿ ಬರುತ್ತಿತ್ತು. ಗ್ಲೌಸ್ ಕೇಳಿದರೆ ಸ್ಟಾಕ್ ಇಲ್ಲ. ಸೋಪು ಕೇಳಿದರೆ ಮುಂದಿನ ವಾರ. ಏಪ್ರನ್ ಕೇಳಿದ್ದಕ್ಕೆ ಒಮ್ಮೆ ಲಾಂಡ್ರಿಯಿಂದ ಹರಿದ ಬೆಡ್‌ಶೀಟ್ ತಂದು ಎಸೆದು, ಇದನ್ನೇ ಕಟ್ಕೋ ಎಂದಿದ್ದರು. ಬಾಟಲಿಯನ್ನು ಮಾತ್ರ ಯಾವತ್ತೂ ಕೇಳಬೇಕಾಗಲಿಲ್ಲ. ಕಂಟ್ರಾಕ್ಟರ್ ಕಡೆಯ ಸೂಪರ್‌ವೈಸರ್ ಅದನ್ನು ಹಳೇ ಪೇಪರಿನಲ್ಲಿ ಸುತ್ತಿ ತಂದು ಶವದ ಕೋಣೆಯ ಕಿಟಕಿ ಕಟ್ಟೆಯ ಮೇಲೆ ಇಡುತ್ತಿದ್ದ. ಬೀಗದ ಕೈಯಿಂದ ಸರಳಿಗೆ ಎರಡು ಸಲ ತಟ್ಟಿ, ಮೂಗು ಮುಚ್ಚಿಕೊಂಡು ಹೋಗುತ್ತಿದ್ದ. ನಾವು ಅದನ್ನು ಡ್ಯೂಟಿ ಬಾಟಲಿ ಎನ್ನುತ್ತಿದ್ದೆವು.

ಹೆಣ ಕೊಯ್ಯುವುದು ಡಾಕ್ಟರ ಕೆಲಸ ಎಂದು ಜನ ತಿಳಿದಿದ್ದಾರೆ. ಕೊಯ್ಯುತ್ತಿದ್ದವರು ನಾವು. ಡಾಕ್ಟರು ಹೊಸ್ತಿಲಾಚೆ ನಿಲ್ಲುತ್ತಿದ್ದರು. ಒಂದು ಕೈಯಲ್ಲಿ ಕರವಸ್ತ್ರ, ಇನ್ನೊಂದರಲ್ಲಿ ಪೆನ್ನು.

"ಎದೆ ತೆಗೀರಿ. ಏನಿದೆ?"

"ಶ್ವಾಸಕೋಶ ಕಪ್ಪಗಿದೆ ಸಾರ್."

"ಹೊಟ್ಟೆ?"

"ಖಾಲಿ ಸಾರ್."

ನಾವು ಹೇಳಿದ್ದನ್ನು ಅವರು ದೊಡ್ಡ ದೊಡ್ಡ ಪದಗಳಲ್ಲಿ ಬರೆದುಕೊಂಡು ಕೆಳಗೆ ಸಹಿ ಹಾಕುತ್ತಿದ್ದರು. ಏಳು ವರ್ಷದಲ್ಲಿ ಅವರ ಬೂಟು ನಮ್ಮ ನೆಲ ಮುಟ್ಟಿದ್ದನ್ನು ನಾನು ನೋಡಿಲ್ಲ.

ಮೊದಲು ಆ ಕೆಲಸದಲ್ಲಿದ್ದವನು ನನ್ನ ಗಂಡ. ಕುಡಿದು ಕುಡಿದು ಲಿವರ್ ಹೋಯಿತು, ಹಳದಿಯಾಗಿ ಸತ್ತ. ಸತ್ತ ಎಂಟನೇ ದಿನಕ್ಕೆ ಸೂಪರ್‌ವೈಸರ್ ಬಾಗಿಲಿಗೆ ಬಂದ. "ಹೆಂಗಸರ ಹೆಣ ತೊಳೆಯೋಕೆ ಹೆಂಗಸು ಬೇಕು ಅಂತ ಮೇಲಿಂದ ಹೇಳ್ತಿದ್ದಾರೆ. ಗಂಡನ ಜಾಗ ನಿಂದೇ ಅಂದ್ಕೋ" ಎಂದ. ಮಗಳಿಗೆ ಆಗ ಏಳು ವರ್ಷ. ಬೇಡ ಎನ್ನಲು ನನ್ನ ಹತ್ತಿರ ಏನಿತ್ತು. ಗಂಡನ ಜಾಗದ ಜೊತೆ ಗಂಡನ ಬಾಟಲಿಯೂ ನನಗೇ ಬಂತು.

ಕೋಣೆಯಲ್ಲಿ ಆಗಲೇ ಇದ್ದ ಹಿರಿಯನಿಗೆ ಗರಗಸದಣ್ಣ ಎಂದು ಹೆಸರು. ತಲೆಬುರುಡೆ ತೆರೆಯುವ ಗರಗಸ ಅವನ ಕೈಯಲ್ಲೇ ಇರುತ್ತಿದ್ದುದರಿಂದ ಆ ಹೆಸರು. ಮೊದಲ ದಿನ ನಾನು ಮೂಲೆಯಲ್ಲಿ ಮೂರು ಸಲ ವಾಂತಿ ಮಾಡಿಕೊಂಡೆ. ಅವನು ಸ್ಟೀಲ್ ಲೋಟದಲ್ಲಿ ಎರಡು ಬೆರಳಷ್ಟು ಸುರಿದು ಮುಂದೆ ಹಿಡಿದ.

"ಕುಡಿ ತಂಗಿ. ಔಷಧಿ ಅಂದ್ಕೊಂಡು ಕುಡಿ. ಕುಡೀದೆ ಈ ಬಾಗಿಲು ದಾಟಿದೋರನ್ನ ನಾನು ನೋಡಿಲ್ಲ."

"ಮಗಳು ಇದ್ದಾಳೆ ಅಣ್ಣ ಮನೇಲಿ."

"ನನಗೂ ಮೂರಿವೆ. ಅವುಗಳಿಗೋಸ್ಕರಾನೇ ಕುಡಿಯೋದು."

ಕುಡಿದೆ. ವಾಂತಿ ನಿಂತಿತು. ಮೂಗು ಸತ್ತಿತು. ಆ ದಿನ ನಾನು ಒಬ್ಬಳು ಹುಡುಗಿಯನ್ನು ತೊಳೆದೆ, ಹೊಲಿದೆ. ಗೋಣಿಚೀಲ ಹೊಲಿಯುವಂಥ ಸೂಜಿ, ಮೇಣ ಹಚ್ಚಿದ ದಾರ. ಗಂಟಲಿನಿಂದ ಹೊಕ್ಕುಳಿನ ಕೆಳಗಿನ ತನಕ. ಗರಗಸದಣ್ಣ ಬಗ್ಗಿ ನೋಡಿ, "ಪರವಾಗಿಲ್ಲ ಕಣೇ, ನಿನ್ನ ಗಂಡನಿಗಿಂತ ನೇರ ಹೊಲೀತೀಯ" ಎಂದ. ಅವತ್ತಿನಿಂದ ಆಸ್ಪತ್ರೆಗೆಲ್ಲ ನಾನು ಹೊಲಿಗೆಯವಳು.

ಮಗಳು ಶಾಲೆಯಲ್ಲಿ ಅಮ್ಮ ಟೈಲರ್ ಎಂದು ಹೇಳಿದ್ದಳು. ಒಂದು ದಿನ ಅವಳ ಟೀಚರು ತಮ್ಮ ಮಗುವಿನ ಫ್ರಾಕಿಗೆ ನೀಲಿ ಬಟ್ಟೆ ಕೊಟ್ಟು ಕಳಿಸಿದರು. ಹಿಂದಕ್ಕೆ ಕೊಟ್ಟರೆ ಸುಳ್ಳು ಹೊರಬೀಳುತ್ತದೆ. ಕೂತು ಕೈಯಲ್ಲೇ ಹೊಲಿದೆ. ನನಗೆ ಬರುತ್ತಿದ್ದುದು ಒಂದೇ ಹೊಲಿಗೆ. ಮಗಳು ಅದನ್ನು ಹಿಡಿದು ನೋಡಿದಳು. ಬ್ಲೇಡಿನಿಂದ ಒಂದೊಂದೇ ದಾರ ಬಿಚ್ಚಿ, ಪಕ್ಕದ ಬೀದಿಯ ಟೈಲರಿಗೆ ಒಯ್ದು ಕೊಟ್ಟಳು. ಅವತ್ತು ಮೊದಲ ಸಲ ನಾನು ಬಾಟಲಿಯನ್ನು ಮನೆಗೆ ತಂದೆ.

ಮೂರನೇ ವರ್ಷಕ್ಕೆ ಏಳುತ್ತಲೇ ಬೇಕಾಗುತ್ತಿತ್ತು. ಎಂಟು ಗಂಟೆಗೆ ಸರಳು ತಟ್ಟುವ ಸದ್ದಿಗೆ ಬಾಯಲ್ಲಿ ನೀರು ಬರುತ್ತಿತ್ತು. ಕ್ಯಾಂಟೀನಿನಲ್ಲಿ ನನಗೆ, ಗರಗಸದಣ್ಣನಿಗೆ ಬೇರೆ ಲೋಟ. ಅವು ಹೊರಗಿನ ನಲ್ಲಿಯ ಹತ್ತಿರ ಮೊಳೆಗೆ ನೇತಾಡುತ್ತಿದ್ದವು. ಬಾತ್‌ರೂಮ್ ತೊಳೆಯುವವರು, ಕಸ ಹೊರುವವರು, ಸ್ಟ್ರೆಚರ್ ತಳ್ಳುವವರು, ಲಾಂಡ್ರಿಯವರು, ಎಲ್ಲರೂ ನಮ್ಮಂಥವರೇ, ಕಂಟ್ರಾಕ್ಟಿನವರೇ. ಮೇಲಿನವರು ಅವರನ್ನು ದೂರ ಇಡುತ್ತಿದ್ದರು. ಅವರು ನಮ್ಮನ್ನು ದೂರ ಇಡುತ್ತಿದ್ದರು. ಬೆಂಚಿನಲ್ಲಿ ಕೂತರೆ ಬೆಂಚು ಖಾಲಿಯಾಗುತ್ತಿತ್ತು. "ಬೆಂಚು ಬೇಕಿದ್ರೆ ಹೇಳಿ, ನಾನು ಬಂದು ಖಾಲಿ ಮಾಡಿಸಿಕೊಡ್ತೀನಿ" ಎಂದು ಗರಗಸದಣ್ಣ ಜೋಕು ಮಾಡುತ್ತಿದ್ದ. ನಗಲು ನಾವಿಬ್ಬರೇ.

ಐದನೇ ವರ್ಷ ಒಂದು ಬಸ್ಸು ಉರುಳಿತು. ಒಂದೇ ಮಧ್ಯಾಹ್ನ ಒಂಬತ್ತು ಹೆಣ. ಸೂಪರ್‌ವೈಸರ್ ಎರಡನೇ ಬಾಟಲಿ ತಂದಿಟ್ಟ.

ಹೆಣದ ಕಾಲಿನ ಹೆಬ್ಬೆರಳಿಗೆ ಚೀಟಿ ಕಟ್ಟಿರುತ್ತಾರೆ. ಹೆಸರು, ವಯಸ್ಸು, ಬಂದ ದಿನ. ತೊಳೆಯುವಾಗ ನೀರು ಬಿದ್ದರೆ ಇಂಕು ಹರಡುತ್ತದೆ. ಹಾಗಾಗಿ ಚೀಟಿ ಬಿಚ್ಚಿ ತಲೆಯ ಹತ್ತಿರ ಇಟ್ಟು, ತೊಳೆದು ಒರೆಸಿದ ಮೇಲೆ ಮತ್ತೆ ಕಟ್ಟುವುದು ನಮ್ಮ ಪದ್ಧತಿ. ಒಂದು ಹೆಣ ಮುಗಿಯದೆ ಇನ್ನೊಂದರ ಚೀಟಿ ಮುಟ್ಟಬಾರದು. ಆ ದಿನ ಇಬ್ಬರು ಮುದುಕಿಯರನ್ನು ಅಕ್ಕಪಕ್ಕ ಮಲಗಿಸಿ, ಇಬ್ಬರ ಚೀಟಿಯನ್ನೂ ಬಿಚ್ಚಿದೆ. ಇಬ್ಬರ ತಲೆಗೂ ಮುಖ ಮುಚ್ಚುವಷ್ಟು ಬ್ಯಾಂಡೇಜು. ಅಕ್ಷರ ಎರಡೆರಡಾಗಿ ಕಾಣುತ್ತಿತ್ತು. ಯಾವುದನ್ನು ಯಾರಿಗೆ ಕಟ್ಟಿದೆನೋ.

ಮೊದಲನೆಯವಳ ಮನೆಯವರು ದೂರದ ಊರಿನವರು. ಸಂಜೆಯೇ ಬಂದು ಒಯ್ದರು. ಮರುದಿನ ಬೆಳಿಗ್ಗೆ ಎರಡನೆಯವಳ ಮಗ ಬಂದ. ಪ್ರೆಸ್ಸಿನಲ್ಲಿ ಅಚ್ಚು ಜೋಡಿಸುವ ಕೆಲಸದವನು, ಉಗುರಿನ ಸಂದಿಯಲ್ಲಿ ಮಸಿ. ಬಾಗಿಲಲ್ಲಿ ನಿಂತು ಹೇಳಿದ, "ನಮ್ಮಮ್ಮನಿಗೆ ಎಡಗೈಲಿ ಕಿರುಬೆರಳಿಲ್ಲ. ಚಿಕ್ಕಂದಿನಲ್ಲೇ ಹೋಗಿದ್ದು. ಗುರುತು ಅಂತ ಹೇಳ್ದೆ."

ಒಳಗೆ ಹೋಗಿ ಹೊದಿಕೆ ಸರಿಸಿ ನೋಡಿದೆ. ಹತ್ತೂ ಬೆರಳಿದ್ದವು.

ಓಡಿ ಹೋಗಿ ಸೂಪರ್‌ವೈಸರಿಗೆ ಹೇಳಿದೆ. ಅವನು ಡಾಕ್ಟರಿಗೆ ಹೇಳಿದ. ಹತ್ತು ನಿಮಿಷದಲ್ಲಿ ಪೆಟ್ಟಿಗೆ ಬಂತು. ಮೊಳೆ ಹೊಡೆದರು. "ಇನ್‌ಫೆಕ್ಷನ್ ಇದೆ, ತೆರೀಬಾರದು" ಎಂದು ಡಾಕ್ಟರು ಆ ಮಗನ ಭುಜ ತಟ್ಟಿದರು. ಅವನು ಸಹಿ ಹಾಕಿ, ಪೆಟ್ಟಿಗೆಯ ಮೇಲೆ ಕೆನ್ನೆ ಇಟ್ಟು ಸ್ವಲ್ಪ ಹೊತ್ತು ನಿಂತ. ಆಮೇಲೆ ಯಾರದೋ ತಾಯಿಯನ್ನು ಗಾಡಿಗೆ ಏರಿಸಿಕೊಂಡು ಹೋದ.

"ನೀನು ಬಾಯಿ ಮುಚ್ಚಿಕೊಂಡಿದ್ರೆ ನಾವೂ ಮುಚ್ಚಿಕೊಂಡಿರ್ತೀವಿ" ಎಂದ ಸೂಪರ್‌ವೈಸರ್. ಕಿಟಕಿ ಕಟ್ಟೆಯ ಮೇಲೆ ಹೊಸ ಬಾಟಲಿ ಇತ್ತು.

ಆಸ್ಪತ್ರೆಯಲ್ಲಿ ಒಂದು ಪ್ರಾರ್ಥನೆಯ ಕೋಣೆ ಇತ್ತು. ಯಾವ ದೇವರ ಪಟವೂ ಇಲ್ಲದ ಬಿಳಿ ಗೋಡೆ, ನಾಲ್ಕು ಬೆಂಚು. ಯಾರು ಬೇಕಾದರೂ ಕೂರಬಹುದು ಎಂದು ಬಾಗಿಲ ಮೇಲೆ ಬರೆದಿತ್ತು. ಒಂದು ಮಧ್ಯಾಹ್ನ ಸ್ನಾನ ಮಾಡಿ, ಬಟ್ಟೆ ಬದಲಿಸಿ ಹೋದೆ. ಅಲ್ಲಿ ನೋಡಿಕೊಳ್ಳುವ ಹೆಂಗಸು ನನ್ನ ಗುರುತು ಹಿಡಿದಳು.

"ರೋಗಿಗಳ ಮನೆಯವರು ಕೂತಿರ್ತಾರಮ್ಮ. ನಿನ್ನ ನೋಡಿದ್ರೆ ಅವರಿಗೆ ಅಪಶಕುನ ಅನ್ಸುತ್ತೆ. ಹೊರಗಿಂದಾನೇ ಕೈ ಮುಗಿ. ದೇವರಿಗೆ ಒಳಗೆ ಹೊರಗೆ ಅಂತ ಇದೆಯಾ?"

"ಇಲ್ಲ ಅಂದ್ರೆ ನನ್ನನ್ನ ಯಾಕೆ ಹೊರಗೆ ನಿಲ್ಲಿಸ್ತೀರಿ?"

ಅವಳು ಬಾಗಿಲು ಅರ್ಧ ಎಳೆದುಕೊಂಡಳು. ನಾನು ಚಪ್ಪಲಿ ಬಿಡುವ ಜಾಗದಲ್ಲಿ ಕೂತೆ. ಒಳಗೆ ಯಾರೋ ಸಣ್ಣದಾಗಿ ಹಾಡುತ್ತಿದ್ದರು. ಸಿಟ್ಟು ಉಕ್ಕಿ ಬಂತು. ನೀನೂ ಅವರ ಜೊತೆ ಒಳಗೇ ಕೂತಿದ್ದೀಯಾ ಎಂದು ದೇವರನ್ನು ಕೇಳಿದೆ. ಕೂತಿರು. ನನ್ನ ಕೋಣೆಗೆ ಯಾರೂ ಬರುವುದಿಲ್ಲ. ನಿನಗೆ ಧೈರ್ಯ ಇದ್ದರೆ ಅಲ್ಲಿಗೆ ಬಾ. ಅಲ್ಲಿ ಮಾತಾಡೋಣ.

ವಾಪಸು ಬಂದೆ. ಟೇಬಲ್ಲಿನ ಮೇಲೆ ಒಬ್ಬ ಮುದುಕ ಮಲಗಿದ್ದ. ನನಗೆ ಯಾವ ಪ್ರಾರ್ಥನೆಯೂ ಬರುತ್ತಿರಲಿಲ್ಲ. ಕಾಲಿನ ಚೀಟಿ ಹಿಡಿದು ಗಟ್ಟಿಯಾಗಿ ಓದಿದೆ. ಹೆಸರು ಇಂಥದ್ದು, ವಯಸ್ಸು ಎಪ್ಪತ್ತೆರಡು, ಬಂದಿದ್ದು ಇವತ್ತು. ಇವನು ಬಂದಿದ್ದಾನೆ, ನೋಡಿಕೋ. ಅಷ್ಟೇ. ಆಮೇಲೆ ಪಕ್ಕದ ಹೆಣದ ಚೀಟಿ. ಹೆಸರೇ ಇಲ್ಲದೆ ಬರೀ ನಂಬರಿದ್ದವನಿಗೆ, ಇವನ ಹೆಸರು ನಿನಗೆ ಗೊತ್ತು, ನನಗೆ ಗೊತ್ತಿಲ್ಲ ಎಂದೆ.

ಚೀಟಿ ಓದಲು ಅಕ್ಷರ ಒಂದೇ ಕಾಣಬೇಕು. ಕುಡಿದರೆ ಎರಡು ಕಾಣುತ್ತಿತ್ತು. ನನ್ನ ಬಿಡುಗಡೆ ಶುರುವಾದದ್ದು ಇಲ್ಲಿಂದ. ಮರುದಿನ ಚೀಟಿಗಳನ್ನೆಲ್ಲ ಓದಿ ಮುಗಿಸುವ ತನಕ ಬಾಟಲಿ ಮುಟ್ಟಲಿಲ್ಲ. ಹತ್ತೂವರೆಯಾಯಿತು. ಅದರ ಮರುದಿನ ಒಂದೊಂದನ್ನು ಎರಡೆರಡು ಸಲ ಓದಿದೆ. ಮಧ್ಯಾಹ್ನವಾಯಿತು. ಒಂದು ವಾರಕ್ಕೆ ಸಂಜೆಯ ತನಕ ತಡೆದೆ. ಆಮೇಲೆ ನಿಲ್ಲಿಸಿದೆ.

ನಿಲ್ಲಿಸಿದೆ ಎಂದು ಒಂದೇ ಮಾತಿನಲ್ಲಿ ಬರೆಯುವುದು ಸುಲಭ. ಮೈತುಂಬ ಇರುವೆ ಹರಿದ ಹಾಗಾಗುತ್ತಿತ್ತು. ಹಲ್ಲು ಕಟಕಟ ಎನ್ನುತ್ತಿತ್ತು. ನೀರು ಕುಡಿದರೂ ವಾಂತಿ. ಮುಚ್ಚಿದ ಮೂಗು ತೆರೆಯಿತು. ಐದು ವರ್ಷದ ವಾಸನೆ ಒಟ್ಟಿಗೇ ಬಂದು ಬಡಿಯಿತು. ಮಗಳು ನಾಲ್ಕು ದಿನ ನನ್ನ ಬಾಯಿ ಒರೆಸಿ, ಬಕೆಟ್ ಹಿಡಿದಳು. ಅವಳಿಗೆ ಆಗ ಹನ್ನೆರಡು. ಐದನೇ ದಿನ, "ಅಮ್ಮ, ನಿನ್ನ ಮೈಯಿಂದ ಈಗ ಬರೀ ಆಸ್ಪತ್ರೆ ವಾಸನೆ ಬರುತ್ತೆ" ಎಂದಳು. ಅದು ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ.

ಕುಡಿಯುವವಳಿಗೆ ಒಬ್ಬ ಜೊತೆಗಾರನಾದರೂ ಇದ್ದ. ಬಿಟ್ಟವಳಿಗೆ ಅವನೂ ಹೋದ. ನಾನು ಲೋಟ ತಳ್ಳಿದ ದಿನದಿಂದ ಗರಗಸದಣ್ಣ ಗೋಡೆಯ ಕಡೆ ಮುಖ ಮಾಡಿ ಕುಡಿಯತೊಡಗಿದ.

"ದೇವರ ಜೊತೆ ಮಾತಾಡೋರಿಗೆ ನಾವೆಲ್ಲಿ ಕಾಣ್ತೀವಿ?" ಎನ್ನುತ್ತಿದ್ದ.

"ನೀನೂ ಬಾ ಅಣ್ಣ. ಒಂದು ಚೀಟಿ ಓದು."

"ನನಗೆ ಓದೋಕೆ ಬರಲ್ಲ ಕಣೇ. ನಿಂಗೊತ್ತು."

"ನಾನು ಓದ್ತೀನಿ. ನೀನು ಪಕ್ಕದಲ್ಲಿ ನಿಲ್ಲು."

"ನಿಂತ್ರೆ ನಿನ್ನ ದೇವರು ನನ್ನ ಕೈಗೆ ಗ್ಲೌಸ್ ಹಾಕಿಸ್ತಾನಾ? ಕೇಳಿ ನೋಡು. ಹಾಕಿಸ್ತೀನಿ ಅಂದ್ರೆ ನಾಳೆಯಿಂದಾನೇ ಬಿಡ್ತೀನಿ."

ಒಂದೂವರೆ ವರ್ಷ ಹೀಗೇ ಹೋಯಿತು. ಅವನೊಬ್ಬ, ನಾನೊಬ್ಬಳು, ನಡುವೆ ಟೇಬಲ್ಲು.

ಆಮೇಲೆ ಒಂದು ಸೋಮವಾರ ಗರಗಸ ಜಾರಿ ಅವನ ಅಂಗೈ ಸೀಳಿತು. ಗ್ಲೌಸ್ ಇರಲಿಲ್ಲ. ಟೇಬಲ್ಲಿನ ಮೇಲಿದ್ದ ಹೆಣ ನಾಲ್ಕು ದಿನ ಹಳತು. ಎಮರ್ಜೆನ್ಸಿಗೆ ಕರೆದೊಯ್ದೆ. ಅಲ್ಲಿದ್ದವರು ಅವನ ಬಾಯಿ ಮೂಸಿ ನೋಡಿದರು. ಕೈಯನ್ನು ಆಮೇಲೆ ನೋಡಿದರು. ನೀರಲ್ಲಿ ತೊಳೆದು ಬಟ್ಟೆ ಸುತ್ತಿ ಕಳಿಸಿದರು. ಮೂರನೇ ದಿನಕ್ಕೆ ತೋಳು ಊದಿತು. ಮತ್ತೆ ಹೋದೆವು. "ಕುಡಿದು ಕೆಲಸ ಮಾಡಿದ್ದಾನೆ. ಅದು ಅವನ ತಪ್ಪು. ಕಂಟ್ರಾಕ್ಟಿನವರಿಗೆ ಬೆಡ್ ಇಲ್ಲ" ಎಂದರು. ಕುಡಿದದ್ದು ಅವರದೇ ಬಾಟಲಿ. ಪೇಪರು ಸುತ್ತಿ, ಟೈಮಿಗೆ ಸರಿಯಾಗಿ, ಅವರದೇ ಮನುಷ್ಯ ತಂದಿಟ್ಟದ್ದು. ಬಾಟಲಿ ಯಾಕೆ ಒಂದು ದಿನವೂ ತಪ್ಪುತ್ತಿರಲಿಲ್ಲ ಎಂಬುದು ನನಗೆ ಅರ್ಥವಾದದ್ದು ಆ ಕೌಂಟರಿನ ಮುಂದೆ.

ಒಂಬತ್ತು ದಿನ ಜ್ವರದಲ್ಲಿ ಬೆಂದು ಗರಗಸದಣ್ಣ ತನ್ನ ಮನೆಯ ಚಾಪೆಯ ಮೇಲೆ ಸತ್ತ. ಕೆಲಸದಲ್ಲಿ ಆದ ಗಾಯದಿಂದ ಸತ್ತವನು ಎಂದು ಅವನ ಹೆಂಡತಿ ಪೊಲೀಸಿಗೆ ಹೇಳಿದಳು. ಹಾಗಾಗಿ ಪೋಸ್ಟ್‌ಮಾರ್ಟಂ ಆಗಬೇಕಾಯಿತು. ಬೇರೆ ಎಲ್ಲಿ, ನಮ್ಮಲ್ಲೇ. ಅವನನ್ನು ನಮ್ಮ ಟೇಬಲ್ಲಿನ ಮೇಲೆ ಮಲಗಿಸಿದರು. ಹೊಸಬ ಯಾರೂ ಬಂದಿರಲಿಲ್ಲ. ಕೋಣೆಯಲ್ಲಿ ನಾನೊಬ್ಬಳೇ.

ಡಾಕ್ಟರು ಹೊಸ್ತಿಲಾಚೆ ಬಂದು ನಿಂತರು. ಪಕ್ಕದಲ್ಲಿ ಸೂಪರ್‌ವೈಸರ್.

"ಹೊಟ್ಟೆ ತೆಗಿ. ಮದ್ಯದ ವಾಸನೆ ಬರ್ತಿದೆ ಅಂತ ಹೇಳು, ಬರ್ಕೋತೀನಿ."

"ಇನ್ನೂ ತೆಗೆದೇ ಇಲ್ಲ ಸಾರ್."

"ತೆಗೆದ ಮೇಲೆ ಬರುತ್ತೆ ತಾನೇ? ಅವನು ಕುಡೀತಿದ್ದದ್ದು ಊರಿಗೇ ಗೊತ್ತು."

"ಒಂಬತ್ತು ದಿನದಿಂದ ಅವನ ಗಂಟಲಲ್ಲಿ ನೀರು ಬಿಟ್ಟು ಬೇರೇನೂ ಇಳಿದಿಲ್ಲ ಸಾರ್. ಹೆಂಡತಿ ಹೊರಗೆ ಕೂತಿದ್ದಾಳೆ, ಕೇಳಿ."

ಡಾಕ್ಟರು ಗಡಿಯಾರ ನೋಡಿಕೊಂಡರು. ಸೂಪರ್‌ವೈಸರಿಗೆ ಕಣ್ಣಲ್ಲೇ ಏನೋ ಹೇಳಿ ಹೋದರು. ಅವನು ಕಿಟಕಿಯ ಕಡೆಗೆ ಬಂದು ಸರಳಿಗೆ ಬಾಯಿ ಹಚ್ಚಿ ಮಾತಾಡಿದ. ದನಿ ಮೆತ್ತಗಿತ್ತು.

"ನೋಡಮ್ಮ ಹೊಲಿಗೆ. ಸತ್ತೋನು ಸತ್ತ. ಕುಡಿದು ಸತ್ತ ಅಂತ ಹೇಳಿದ್ರೆ ಅವನಿಗೇನು ನೋವಾಗುತ್ತಾ? ನಾಳೆ ಬೆಳಿಗ್ಗೆ ಡಾಕ್ಟರು ಬರ್ತಾರೆ. ಹೇಳಿಬಿಡು. ಹೇಳಲಿಲ್ಲ ಅಂದ್ರೆ ಆ ಎರಡು ಮುದುಕೀರ ವಿಷಯ ಪೊಲೀಸಿಗೆ ಹೋಗುತ್ತೆ. ಚೀಟಿ ಕಟ್ಟಿದ್ದು ಯಾರ ಕೈ? ಮಗಳ ಕಥೆ ಏನಾಗುತ್ತೆ, ಯೋಚನೆ ಮಾಡು."

ಪೇಪರು ಸುತ್ತಿದ ಬಾಟಲಿ ಕಟ್ಟೆಯ ಮೇಲಿಟ್ಟ. ನಾನು ಬಿಟ್ಟಿದ್ದೇನೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಇಟ್ಟ.

ಹದಿನೆಂಟು ತಿಂಗಳಲ್ಲಿ ಅದರ ಅಷ್ಟು ಹತ್ತಿರ ನಾನು ಹೋಗಿರಲಿಲ್ಲ. ಪೇಪರು ಬಿಚ್ಚಿದೆ. ಮುಚ್ಚಳದ ಮೇಲೆ ಹೆಬ್ಬೆರಳಿಟ್ಟೆ. ಟೇಬಲ್ಲಿನ ಮೇಲೆ ಅಣ್ಣ. ಚೀಟಿ ಇನ್ನೂ ಓದಿರಲಿಲ್ಲ. ದೇವರೇ, ಇವತ್ತು ನೀನು ಬರದಿದ್ದರೆ ನಾನು ಇದನ್ನು ಕುಡಿಯುತ್ತೇನೆ ಎಂದೆ. ಯಾರೂ ಬರಲಿಲ್ಲ. ಫ್ರೀಜರಿನ ಮೋಟಾರು ಗುಂಯ್ ಎನ್ನುತ್ತಿತ್ತು. ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಒಂದು ಮಾತು ಮಾತ್ರ ತಲೆಯಲ್ಲಿ ನಿಂತಿತು. ಇವರ ಕೈಯಲ್ಲಿ ಇರುವುದು ನನ್ನ ತಪ್ಪು ಒಂದೇ. ಅದು ನನ್ನದು. ಅದನ್ನು ಇವರ ಕೈಯಲ್ಲಿ ಯಾಕೆ ಬಿಟ್ಟಿದ್ದೇನೆ?

ಬಾಟಲಿಯನ್ನು ತೂಬಿಗೆ ಸುರಿದೆ. ಕೈ ತೊಳೆದು ಆ ಮಗನ ವಿಳಾಸ ಹುಡುಕಲು ರಿಜಿಸ್ಟರ್ ತೆಗೆದೆ.

ಅವನ ಮನೆ ಪ್ರೆಸ್ಸಿನ ಹಿಂದಿನ ಗಲ್ಲಿಯಲ್ಲಿ ಮೂರನೇ ಮಹಡಿ. ಹೋದಾಗ ಇನ್ನೂ ಬೆಳಕಿತ್ತು. ಅವನೇ ಬಾಗಿಲು ತೆಗೆದ. ಅಂಗಿ ತೋಳು ಮಡಿಚಿದ್ದ. ನನ್ನ ಮುಖ ನೆನಪಿರಲಿಲ್ಲ.

"ಯಾರಮ್ಮ ಬೇಕಿತ್ತು?"

"ನಾನು ಆಸ್ಪತ್ರೆ ಶವದ ಕೋಣೆಯವಳು. ನಿಮ್ಮಮ್ಮನ ವಿಷಯ ಹೇಳ್ಬೇಕು. ಇಲ್ಲೇ ನಿಂತು ಹೇಳ್ತೀನಿ."

ಹೇಳಿದೆ. ಬಸ್ಸು, ಒಂಬತ್ತು ಹೆಣ, ಚೀಟಿ, ಬೆರಳು, ಮೊಳೆ. ಯಾವ ಊರಿನವರು ಅವಳನ್ನು ಒಯ್ದು ಹೂತಿದ್ದಾರೆ ಎಂಬುದನ್ನು ರಿಜಿಸ್ಟರಿನಿಂದ ಬರೆದುಕೊಂಡು ಹೋಗಿದ್ದೆ. ಚೀಟಿ ಮುಂದೆ ಹಿಡಿದೆ. ಅವನು ತೆಗೆದುಕೊಳ್ಳಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ.

"ಅವಳನ್ನ ತೊಳೆದಿದ್ದು ನೀವೇನಾ?"

"ಹೌದು."

"ಕೈ ತೊಳೆದ್ರಾ?"

"ತೊಳೆದಿರ್ತೀನಿ."

"ಬೆರಳಿಲ್ಲದ್ದು ಗೊತ್ತಾಗ್ಲಿಲ್ವಾ?"

"ಇಲ್ಲ."

"ಮುಖ? ಮುಖ ಹೇಗಿತ್ತು? ನೋವು ತಿಂದ ಹಾಗಿತ್ತಾ?"

"ಗೊತ್ತಿಲ್ಲ. ಕುಡಿದಿದ್ದೆ. ನನಗೆ ನಿಮ್ಮಮ್ಮಂದು ಏನೂ ನೆನಪಿಲ್ಲ."

ಒಳಗಿನಿಂದ ಯಾರೋ, ಯಾರ್ರೀ ಅದು ಎಂದು ಕೇಳಿದರು. ಅವನು ಒಂದು ಹೆಜ್ಜೆ ಮುಂದೆ ಬಂದ. ನನ್ನನ್ನು ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. "ಎರಡು ವರ್ಷದಿಂದ ಪ್ರತಿ ಭಾನುವಾರ ಹೋಗಿ ಆ ಮಣ್ಣಿನ ಹತ್ರ ಕೂತು ಬರ್ತೀನಿ" ಎಂದ. "ಅಮ್ಮ ಅಮ್ಮ ಅಂತ ಮಾತಾಡಿಸಿ ಬರ್ತೀನಿ." ಆಮೇಲೆ ಚೀಟಿ ತೆಗೆದುಕೊಂಡ. "ನೀವು ಹೋಗಿ. ನಾನು ಕಂಪ್ಲೇಂಟ್ ಕೊಡ್ತೀನಿ."

"ಕೊಡಿ. ನಾನೇ ಸಾಕ್ಷಿ ಹೇಳ್ತೀನಿ."

ಮನೆಗೆ ಬಂದು ಮಗಳಿಗೂ ಹೇಳಿದೆ. ಅವಳು ಪುಸ್ತಕದಿಂದ ತಲೆ ಎತ್ತದೆ ಕೇಳಿಸಿಕೊಂಡಳು. "ಈಗ ಕೆಲಸ ಹೋಗುತ್ತಾ?" ಎಂದಳು. ಹೋಗಬಹುದು ಎಂದೆ. ಅವಳು ಪುಟ ತಿರುಗಿಸಿದಳು.

ಬೆಳಿಗ್ಗೆ ಗರಗಸದಣ್ಣನ ಹೆಂಡತಿ ಕಾರಿಡಾರಿನ ನೆಲದ ಮೇಲೆ ಕೂತಿದ್ದಳು. ಹೆಣ ಕೊಡುವುದು ತಡವಾಗಿದೆ ಎಂಬ ಸುದ್ದಿ ಹಬ್ಬಿ ಸ್ಟ್ರೆಚರಿನವರು, ಲಾಂಡ್ರಿಯವರು, ಕಸದವರು ಅಲ್ಲೊಬ್ಬರು ಇಲ್ಲೊಬ್ಬರು ಬಂದು ನಿಂತಿದ್ದರು. ನಾನು ಚೀಟಿ ಓದಿದೆ. ಅಣ್ಣ ಬಂದಿದ್ದಾನೆ, ನೋಡಿಕೋ ಎಂದೆ. ಅಷ್ಟರಲ್ಲಿ ಡಾಕ್ಟರು ಹೊಸ್ತಿಲಿಗೆ ಬಂದರು.

"ಶುರು ಮಾಡು."

"ಒಳಗೆ ಬನ್ನಿ ಸಾರ್."

"ಏನಂದೆ?"

"ಒಳಗೆ ಬಂದು ನೀವೇ ನೋಡಿ ಬರೀರಿ. ನಾನು ಇವತ್ತು ಚಾಕು ಮುಟ್ಟಲ್ಲ. ನಾನು ಹೇಳಿದ್ದನ್ನ ನೀವು ಬರೆಯೋದು, ನೀವು ಹೇಳಿದ್ದನ್ನ ನಾನು ಹೇಳೋದು, ಎರಡೂ ಇವತ್ತಿಗೆ ಮುಗೀತು."

ಸೂಪರ್‌ವೈಸರ್ ಮುಂದೆ ಬಂದ. "ಸಾರ್, ಇವಳು ಎರಡು ವರ್ಷದ ಹಿಂದೆ ಏನು ಮಾಡಿದ್ದಾಳೆ ಅಂತ ಈ ಜನಕ್ಕೆಲ್ಲ ಹೇಳ್ಲಾ?"

"ನಿಂಗ್ಯಾಕೆ ತೊಂದರೆ, ನಾನೇ ಹೇಳ್ತೀನಿ" ಎಂದೆ. ಹೊಸ್ತಿಲಿಗೆ ಬಂದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದೆ. "ಬಸ್ಸು ಬಿದ್ದ ದಿನ ಎರಡು ಹೆಣ ಅದಲುಬದಲು ಮಾಡಿದೆ. ಬಾಟಲಿ ಕೊಟ್ಟಿದ್ದು ಇವನು. ಪೆಟ್ಟಿಗೆಗೆ ಮೊಳೆ ಹೊಡೆಸಿದ್ದು ಈ ಡಾಕ್ಟರು. ಕುಡಿದಿದ್ದು ನಾನು. ನಿನ್ನೆ ಸಂಜೆ ಆ ಮನೆಗೆ ಹೋಗಿ ಹೇಳಿ ಬಂದಿದ್ದೀನಿ. ಅವರು ಕಂಪ್ಲೇಂಟ್ ಕೊಡ್ತಾರೆ. ನನ್ನ ಮೇಲೆ ಏನಾಗ್ಬೇಕೋ ಆಗ್ಲಿ. ಅಣ್ಣ ಕುಡಿದು ಸತ್ತ ಅಂತ ಮಾತ್ರ ನನ್ನ ಬಾಯಲ್ಲಿ ಬರಲ್ಲ."

ಸೂಪರ್‌ವೈಸರ್ ಕೈಯಲ್ಲಿ ಬೆದರಿಸಲು ಇನ್ನೇನೂ ಉಳಿದಿರಲಿಲ್ಲ. ಡಾಕ್ಟರು, "ಯಾರನ್ನಾದರೂ ಬೇರೆಯವರನ್ನ ಕರೆಸು" ಎಂದು ಹೇಳಿ ಹೊರಟುಹೋದರು.

ಲಾಂಡ್ರಿಯ ದೊಡ್ಡಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. ಮೂವತ್ತು ವರ್ಷ ರಕ್ತದ ಬೆಡ್‌ಶೀಟ್ ಒಗೆದು ಕೈ ಸುಟ್ಟುಕೊಂಡ ಹೆಂಗಸು. "ನಮ್ಮಮ್ಮ ಸತ್ತಾಗ್ಲೂ ಇಲ್ಲೇ ತಂದಿದ್ವಿ" ಎಂದಳು. "ಅವಳನ್ನಾದ್ರೂ ಸರಿಯಾಗಿ ಕೊಟ್ಯಾ?"

"ಅದು ನನ್ನ ಗಂಡನ ಕಾಲ ದೊಡ್ಡಮ್ಮ. ನನಗೆ ಗೊತ್ತಿಲ್ಲ."

ಅವಳು ಮುಖ ತಿರುಗಿಸಿದಳು. ಇಬ್ಬರು ಹೊರಟು ಹೋದರು. ನಾನು ಹೊಸ್ತಿಲ ಮೇಲೆ, ಬಾಗಿಲಿಗೆ ಅಡ್ಡವಾಗಿ ಕೂತೆ. ಬೇರೆಯವರನ್ನು ತಂದರೆ ನನ್ನನ್ನು ದಾಟಿ ಹೋಗಬೇಕು.

ಒಂದು ಗಂಟೆ ಕಳೆಯಿತು. ಸ್ಟ್ರೆಚರ್ ತಳ್ಳುವವನೊಬ್ಬ ದೂರದಿಂದಲೇ ಹೇಳಿದ. "ಅಕ್ಕ, ಹೋದ ವರ್ಷ ನನಗೆ ಸೂಜಿ ಚುಚ್ಚಿತ್ತಲ್ಲ. ನನಗೂ ಕುಡಿದಿದ್ದ ಅಂತಾನೇ ಬರೆದ್ರು. ನಾನು ಹುಟ್ಟಿದಾಗಿಂದ ಮುಟ್ಟಿಲ್ಲ."

"ಮತ್ತೆ ಯಾಕೆ ಸುಮ್ನಿದ್ದೆ?"

"ಯಾರಿಗೆ ಹೇಳೋದು?"

ಕಸದ ಹೆಂಗಸು ತನ್ನ ಅಂಗಾಲು ತೋರಿಸಿದಳು. ಗಾಜು ಹೊಕ್ಕು ಕೀವಾದ ಗಾಯ. ಅವಳ ಕಾಗದದಲ್ಲೂ ಅದೇ. ಒಬ್ಬೊಬ್ಬರಾಗಿ ಹೇಳತೊಡಗಿದರು. ಏಳು ಜನ. ಏಳು ಕಾಗದದಲ್ಲೂ ಅದೇ ಒಂದು ಮಾತು. ಹೇಳಿ ಮುಗಿದ ಮೇಲೆ ದೊಡ್ಡಮ್ಮನೇ, ನನ್ನ ಮುಖ ನೋಡದೆ ಕೇಳಿದಳು.

"ಈಗೇನು ಮಾಡೋಣ ಅಂತೀಯ?"

ಅಂಥ ಪ್ರಶ್ನೆಯನ್ನು ಆ ಆಸ್ಪತ್ರೆಯಲ್ಲಿ ಯಾರೂ ನನಗೆ ಕೇಳಿರಲಿಲ್ಲ. ಒಳಗೊಳಗೇ ದೇವರನ್ನು ಕೇಳಿದೆ. ಎಂದಿನಂತೆ ಅವನು ಸುಮ್ಮನಿದ್ದ. ನಾನೇ ಹೇಳಬೇಕಿತ್ತು.

"ಕೂತ್ಕೊಳ್ಳಿ. ಡಾಕ್ಟರು ಒಳಗೆ ಬರೋತನಕ ಯಾರೂ ಏಳಬೇಡಿ. ಎಮರ್ಜೆನ್ಸಿ ಸ್ಟ್ರೆಚರ್ ಮಾತ್ರ ನಿಲ್ಲಿಸಬೇಡಿ. ರೋಗಿಗಳ ಮೇಲೆ ನಮ್ಮ ಸಿಟ್ಟಿಲ್ಲ."

ಕೂತರು. ಮಧ್ಯಾಹ್ನಕ್ಕೆ ನಲವತ್ತು ಜನವಾದರು. ಮುಂದೆ ಏನಾಯಿತೆಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ನನ್ನನ್ನು ಕೆಲಸದಿಂದ ತೆಗೆದರು. ಹೆಣ ಅದಲುಬದಲಾದ ಕೇಸು ಇನ್ನೂ ನಡೆಯುತ್ತಿದೆ. ಕರೆದಾಗಲೆಲ್ಲ ಹೋಗಿ ಅದೇ ಮಾತು ಹೇಳಿ ಬರುತ್ತೇನೆ. ಆ ಮಗ ಎದುರಿನ ಬೆಂಚಿನಲ್ಲಿ ಕೂತಿರುತ್ತಾನೆ, ನನ್ನನ್ನು ಮಾತಾಡಿಸುವುದಿಲ್ಲ. ಬಾಟಲಿ ನಿಂತಿತು, ಗ್ಲೌಸ್ ಬಂತು, ಅದೂ ಹೋರಾಡಿ ಎಂಟು ತಿಂಗಳಿಗೆ. ಕಂಟ್ರಾಕ್ಟಿನವರೆಲ್ಲ ಸೇರಿ ಸಂಘ ಕಟ್ಟಿ ನನ್ನನ್ನು ಮುಂದೆ ನಿಲ್ಲಿಸಿದರು. ಈಗ ಮನೆಗಳಲ್ಲಿ ಪಾತ್ರೆ ತೊಳೆದು, ಸಂಜೆ ಸಂಘಕ್ಕೆ ಹೋಗುತ್ತೇನೆ. ಮೀಟಿಂಗಿನಲ್ಲಿ ನನ್ನ ಮಾತಿಗೆ ಎಲ್ಲರೂ ಕೈ ಎತ್ತುತ್ತಾರೆ. ಟೀ ಕುಡಿಯುವಾಗ ನನ್ನ ಪಕ್ಕದ ಕುರ್ಚಿ ಖಾಲಿ ಇರುತ್ತದೆ.

ಆ ದಿನವೂ ಹಾಗೇ. ನನಗೂ ಅವರಿಗೂ ನಡುವೆ ಎರಡು ಆಳಿನಷ್ಟು ನೆಲ ಬಿಟ್ಟು ಕೂತರು. ಪಕ್ಕಕ್ಕೆ ಯಾರೂ ಬರಲಿಲ್ಲ. ಆದರೆ ಎದ್ದೂ ಹೋಗಲಿಲ್ಲ. ಒಗೆಯದ ಬೆಡ್‌ಶೀಟು ಗುಡ್ಡೆಯಾಯಿತು. ವಾರ್ಡುಗಳಲ್ಲಿ ಕಸ ತುಂಬಿತು. ಮೇಲಿನಿಂದ ಒಬ್ಬರಾದ ಮೇಲೆ ಒಬ್ಬರು ಬಂದು ಬೈದರು, ಆಮೇಲೆ ಬೇಡಿಕೊಂಡರು. ನಾಲ್ಕು ಗಂಟೆಗೆ ಡಾಕ್ಟರು ಬಂದರು. ಹಸಿರು ಗೌನು, ಕೈಗೆ ಹೊಸ ಗ್ಲೌಸ್. ಆ ಆಸ್ಪತ್ರೆಯಲ್ಲಿ ಗ್ಲೌಸ್ ಸ್ಟಾಕ್ ಇತ್ತು.

ನಾನು ಎದ್ದು ದಾರಿ ಬಿಟ್ಟ ಮೇಲೆ ಅವರು ಹೊಸ್ತಿಲು ದಾಟಿದರು. ವಾಸನೆಗೆ ಒಂದು ಸಲ ಮುಖ ಹಿಂಡಿ, ಗೋಡೆ ಹಿಡಿದು ನಿಂತು ಸುಧಾರಿಸಿಕೊಂಡರು. ಟೇಬಲ್ಲಿನ ಹತ್ತಿರ ಬಂದು ಚಾಕು ಎತ್ತಿಕೊಂಡರು. ಅದನ್ನು ಎಲ್ಲಿ ಇಡಬೇಕೆಂದು ತಿಳಿಯದೆ ನನ್ನ ಕಡೆ ತಿರುಗಿದರು.

"ಎಲ್ಲಿಂದ ಶುರು ಮಾಡೋದು?"

ನಾನು ಹೊದಿಕೆಯ ಅಂಚು ಎತ್ತಿ ಅಣ್ಣನ ಊದಿದ ಕೈ ಹೊರಗೆ ತೆಗೆದೆ.

"ಇಲ್ಲಿಂದ ಸಾರ್" ಎಂದೆ. "ಗಾಯ ಇಲ್ಲಿದೆ."